ಎರಡು ಸೂಜಿಯ ಹೊಲಿಗೆ

ಹರಿಶ್ಚಂದ್ರ ಬರ್ಮಿಂಗ್‌ಹ್ಯಾಮಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ತೊಳೆದು ಆವಿಯಲ್ಲಿ ಶುದ್ಧಗೊಳಿಸುವ ವಿಭಾಗದಲ್ಲಿದ್ದರು. ಹೆಂಡತಿ ನೀಲಾವತಿ ಅಲ್ಲೇ ನರ್ಸ್. ಮೊದಲು ಕೆಲಸ ಸಿಕ್ಕಿದ್ದು ಅವಳಿಗೆ. ಅವಳ ಹಿಂದೆ ಅವರೂ ಪುತ್ತೂರು ಬಿಟ್ಟು ಬಂದರು. ಊರಂಚಿನ ಟಿವಿಡೇಲ್‌ನಲ್ಲಿ ಅವರ ಮನೆಯೂ ನನ್ನ ಮನೆಯೂ ಒಂದೇ ಬೀದಿಯಲ್ಲಿ.

ನಮ್ಮ ಕನ್ನಡ ಸಂಘದಲ್ಲಿ ಹೆಚ್ಚಿನವರು ಡಾಕ್ಟರುಗಳು. ಅವರ ನಡುವೆ ಕುಳಿತರೆ ಹರಿಶ್ಚಂದ್ರರ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಆದರೆ ಯುಗಾದಿಗೂ ದೀಪಾವಳಿಗೂ ಬಾಡಿಗೆಗೆ ಹಿಡಿದ ಹಾಲ್‌ನ ಅಡುಗೆಮನೆಯಲ್ಲಿ ಅವರದೇ ದರ್ಬಾರು. ಇನ್ನೂರು ಜನರ ಅಡುಗೆ ಅವರ ಕೈಯಲ್ಲಿ. ಹೃದ್ರೋಗ ತಜ್ಞರು ಸಾಲಾಗಿ ಕುಳಿತು ಬೀನ್ಸ್ ಹೆಚ್ಚುತ್ತಿದ್ದರು.

"ಡಾಕ್ಟ್ರೇ, ಅದು ಆಪರೇಷನ್ ಅಲ್ಲ, ಪಲ್ಯ. ಸ್ವಲ್ಪ ಬೇಗ ಆಗ್ಲಿ ಮಾರಾಯ್ರೆ," ಎಂದರೆ ಡಾಕ್ಟರುಗಳು ನಗುತ್ತ ಕೈ ಚುರುಕು ಮಾಡುತ್ತಿದ್ದರು. ಆ ಎರಡು ದಿನಗಳಿಗಾಗಿಯೇ ಹರಿಶ್ಚಂದ್ರ ವರ್ಷವಿಡೀ ಬದುಕುತ್ತಿದ್ದರು ಎಂದರೆ ಉತ್ಪ್ರೇಕ್ಷೆಯಾದೀತು. ದೊಡ್ಡ ಉತ್ಪ್ರೇಕ್ಷೆಯೇನೂ ಅಲ್ಲ.

ಅವರ ಪಾಳಿ ಶುರುವಾಗುವ ಹೊತ್ತಿಗೆ ಬಸ್ಸು ಓಡುವುದಿಲ್ಲ. ಹಾಗಾಗಿ ಒಂದು ಹಳೆಯ ಹೋಂಡಾ ಬೈಕು ಇಟ್ಟುಕೊಂಡಿದ್ದರು. ಅದರ ಸೀಟು ಹೊಲಿಗೆಯ ಗುಂಟ ಹರಿದು, ಒಳಗಿನ ಸ್ಪಂಜು ಮಳೆನೀರು ಕುಡಿದು, ಕುಳಿತವರ ಪ್ಯಾಂಟಿಗೆ ಕಾರುತ್ತಿತ್ತು. ಮೊದಲು ಟೇಪು ಸುತ್ತಿದರು. ಅದರ ಅಂಟು ಬಟ್ಟೆಗೆ ಹತ್ತಿತು. ಆಮೇಲೆ ಆನ್‌ಲೈನಿನಲ್ಲಿ ಅಗ್ಗದ ಕವರು ತರಿಸಿ ಮೇಲೆ ಎಳೆದರು. ಅದು ನೀರನ್ನು ತಡೆಯುವುದಿರಲಿ, ಒಳಗೆ ಹೋದ ನೀರು ಆರದಂತೆ ಹಿಡಿದಿಟ್ಟಿತು. ಹೊಸ ಸೀಟಿನ ಬೆಲೆ ಬೈಕಿನ ಅರ್ಧ ಬೆಲೆ. ಮಗಳು ಸ್ವಸ್ತಿಕಾ ನಾಟಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದ ವರ್ಷ ಅದು. ಹೊಸ ಸೀಟಿನ ಮಾತನ್ನು ಅವರು ಎರಡನೆಯ ಬಾರಿ ಎತ್ತಲಿಲ್ಲ.

ವಾಲ್ಸಾಲ್ ನಮಗೆ ಹತ್ತಿರ. ಕುದುರೆಯ ಜೀನು ಹೊಲಿಯುವ ಊರು. ಅಲ್ಲಿ ಒಂದು ಕಾರ್ಖಾನೆಯವರು ಕತ್ತರಿಸಿ ಉಳಿದ ಚರ್ಮವನ್ನು ತೂಕಕ್ಕೆ ಹಾಕಿ ಮಾರುತ್ತಾರೆ. ಹರಿಶ್ಚಂದ್ರ ಒಂದು ಚೀಲ ತಂದರು.

ಹಿತ್ತಲಿನ ಶೆಡ್ಡಿನಲ್ಲಿ ಅವರು ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ. ಸೀಟಿನ ಪ್ಲಾಸ್ಟಿಕ್ ತಳಕ್ಕೆ ಹೊಡೆದಿದ್ದ ತುಕ್ಕು ಪಿನ್ನುಗಳನ್ನು ಕಿತ್ತರು. ಸ್ಪಂಜಿನ ಕುಸಿದ ಭಾಗವನ್ನು ಬ್ರೆಡ್ ಚಾಕುವಿನಿಂದ ಕೊಯ್ದು ತೆಗೆದು, ಯಾರೋ ಬಿಸಾಡಿದ್ದ ಯೋಗದ ಚಾಪೆಯನ್ನು ಮಡಿಸಿ ಅಂಟಿಸಿದರು. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ. ಹಳೆಯ ಹೊದಿಕೆಯ ಹೊಲಿಗೆ ಬಿಚ್ಚಿ, ಅದನ್ನೇ ಅಳತೆಗಿಟ್ಟು ಚರ್ಮ ಕತ್ತರಿಸಿದರು. ದಾರಕ್ಕೆ ಮೇಣ ತೀಡಿ ಎರಡು ತುದಿಗೂ ಸೂಜಿ ಪೋಣಿಸಿದರು. ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಎರಡು ಸೂಜಿ ದಾಟುತ್ತಿದ್ದವು, ಎರಡು ಕೈ ಒಮ್ಮೆಗೇ ಹೊರಕ್ಕೆ ಚಾಚುತ್ತಿದ್ದವು. ಹೊಸದಾಗಿ ಕಲಿಯುತ್ತಿರುವವನ ಕೈ ಅದಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು.

ಆ ವರ್ಷದ ಯುಗಾದಿ ಊಟ ಮುಗಿದ ಮೇಲೆ, ಹಾಲ್‌ನ ಕಾರ್ ಪಾರ್ಕಿನಲ್ಲಿ ಡಾಕ್ಟರ್ ಹರಿಪ್ರಸಾದರ ಕಣ್ಣು ಆ ಸೀಟಿನ ಮೇಲೆ ಬಿತ್ತು. ಅವರು ಸಂಘದ ಅಧ್ಯಕ್ಷರು. ಹಳೆಯ ಬೈಕುಗಳ ಹುಚ್ಚಿನವರು.

"ಹರೀಶಣ್ಣ, ಎಲ್ಲಿ ಮಾಡ್ಸಿದ್ರಿ ಇದನ್ನ? ನನ್ನ ಬೈಕಿಗೆ ಒಬ್ಬ ಬಾಯಿಗೆ ಬಂದಷ್ಟು ಕೇಳ್ತಿದ್ದಾನೆ."

"ಮಾಡಿಸಿದ್ದಲ್ಲ ಡಾಕ್ಟ್ರೇ. ನಾನೇ ಹೊಲಿದದ್ದು."

"ಸುಮ್ನಿರಿ, ರೈಲು ಬಿಡ್ಬೇಡಿ."

"ನೋಡಿ ಬೇಕಾದ್ರೆ. ಮಿಷನ್ನಿನಲ್ಲಿ ಹೀಗೆ ಬರುದಿಲ್ಲ. ಒಂದು ಎಳೆ ತುಂಡಾದ್ರೂ ಇನ್ನೊಂದು ಹಿಡ್ಕೊಳ್ತದೆ."

"ಎಲ್ಲಿ ಕಲಿತ್ರಿ ಮತ್ತೆ?"

"ಅಪ್ಪ ಕಲಿಸಿದ್ದು. ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ರ ಕೂತು ಮಾಡ್ತಿದ್ರು."

"ಏನು, ಬೈಕ್ ಸೀಟಾ?"

"ಅಲ್ಲ. ಚಪ್ಪಲಿ."

ಹರಿಪ್ರಸಾದ್ "ಓ, ವೆರಿ ನೈಸ್," ಎಂದು ಕಾರಿನ ಬೀಗದ ಕೈ ಹುಡುಕಿದರು. ಅವರ ಹೆಂಡತಿ ವಾಸಂತಿ ಮನೆಗೆ ಒಯ್ಯಲು ಹರಿಶ್ಚಂದ್ರರೇ ಮಾಡಿದ ಸಾರನ್ನು ಡಬ್ಬಿಯಲ್ಲಿ ತುಂಬಿಸಿ ಕಾರಿನ ಸೀಟಿನ ಮೇಲೆ ಇಟ್ಟಿದ್ದರು. ಹರಿಪ್ರಸಾದ್ ಅದನ್ನು ಎತ್ತಿ ಕಾಲಡಿಗೆ ಇಟ್ಟರು. ಆ ಕಾರಿನ ಸೀಟುಗಳೂ ಅಪ್ಪಟ ದನದ ಚರ್ಮದವೇ. ಕಾರು ಕೊಂಡಾಗ ಅದನ್ನೇ ಅವರು ಎಲ್ಲರಿಗೂ ಮುಟ್ಟಿ ತೋರಿಸಿದ್ದರು.

ಆ ಸಂಜೆ ನೀಲಾವತಿ ನನ್ನ ಎದುರಿಗೇ ಗಂಡನನ್ನು ತರಾಟೆಗೆ ತೆಗೆದುಕೊಂಡಳು.

"ಯೂಟ್ಯೂಬ್ ನೋಡಿ ಕಲ್ತೆ ಅಂತ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ? ಇಷ್ಟು ವರ್ಷ ಅವರು ಕೇಳ್ಲಿಲ್ಲ, ನಾವು ಹೇಳ್ಲಿಲ್ಲ. ಚಂದ ಇತ್ತು."

"ಅವರು ಹೊಗಳಿದ್ರು ಮಾರಾಯ್ತಿ. ಬಾಯಿಗೆ ಬಂತು."

"ಇನ್ನು ಅನುಭವಿಸಿ."

ಅವಳು ಹೇಳಿದ್ದು ದೀಪಾವಳಿಯ ಹೊತ್ತಿಗೆ ನಿಜವಾಯಿತು. ವಾಸಂತಿಯ ಫೋನು ಬಂದಾಗ ನಾನು ನೀಲಾವತಿಯ ಜೊತೆ ಅವಳ ಅಡುಗೆಮನೆಯಲ್ಲಿದ್ದೆ. ಒಗ್ಗರಣೆ ಹಾಕುತ್ತಿದ್ದ ಹರಿಶ್ಚಂದ್ರ ಸ್ಪೀಕರ್ ಒತ್ತಿದರು.

"ಹರೀಶಣ್ಣ, ಈ ಸಲ ಕೇಟರಿಂಗ್‌ಗೆ ಹೇಳಿದೀವಿ. ಪಾಪ, ಪ್ರತಿ ಸಲ ನೀವೇ ಯಾಕೆ ಒದ್ದಾಡ್ಬೇಕು?"

"ಒದ್ದಾಟ ಎಂತದು ಮೇಡಂ. ಸಾರು ಒಂದಾದ್ರೂ ನಾನು ಮಾಡ್ತೇನೆ."

"ಬೇಡ ಬೇಡ, ಈಗ ಹೈಜೀನ್ ರೂಲ್ಸ್ ಎಲ್ಲ ತುಂಬಾ ಸ್ಟ್ರಿಕ್ಟ್ ಅಲ್ವಾ. ನೀವು ಆರಾಮಾಗಿ ಬಂದು ಊಟ ಮಾಡಿ."

ಹರಿಶ್ಚಂದ್ರ ತೊಳೆದು ಕೊಟ್ಟ ಕತ್ತರಿಗಳನ್ನು ಆ ಸಂಘದ ಇಬ್ಬರು ಸರ್ಜನ್ನರು ವಾರದಲ್ಲಿ ಐದು ದಿನ ಜನರ ಹೊಟ್ಟೆಯೊಳಗೆ ಹಾಕುತ್ತಿದ್ದರು. ಹೈಜೀನ್ ಎಂಬ ಮಾತನ್ನು ವಾಸಂತಿ ಯಾವ ಅರ್ಥದಲ್ಲಿ ಬಳಸಿದರೆಂದು ಆ ಅಡುಗೆಮನೆಯಲ್ಲಿ ನಿಂತಿದ್ದ ಮೂವರಿಗೂ ತಿಳಿಯಿತು.

ದೀಪಾವಳಿಯ ದಿನ ನೀಲಾವತಿ ನನ್ನ ಕಾರಿನಲ್ಲಿ ಬಂದಳು. ಹರಿಶ್ಚಂದ್ರ ಪಾಳಿ ಮುಗಿಸಿ ಬೈಕಿನಲ್ಲಿ ಬಂದು, ಅಭ್ಯಾಸಬಲದಿಂದ ನೇರ ಅಡುಗೆಮನೆಯ ಬಾಗಿಲಿಗೆ ಹೋದರು. ಒಳಗೆ ಲೆಸ್ಟರಿನಿಂದ ಬಂದ ಕೇಟರಿಂಗ್‌ನ ನಾಲ್ವರು ತಟ್ಟೆಗಳ ಮೇಲಿನ ಬೆಳ್ಳಿ ಕಾಗದ ತೆಗೆಯುತ್ತಿದ್ದರು.

"ಹರೀಶಣ್ಣ, ಒಳಗೆ ಬೇಡ. ಅವರಿಗೆ ಅಡ್ಡ ಆಗುತ್ತೆ," ಎಂದರು ವಾಸಂತಿ.

ನಾನು ವಾಸಂತಿಯನ್ನು ಕೇಳಿದೆ: "ಈ ನಾಲ್ವರ ಅಪ್ಪಂದಿರು ಏನು ಮಾಡ್ತಿದ್ರು ಅಂತ ವಿಚಾರಿಸಿದ್ರಾ?"

"ಅಯ್ಯೋ ವಿಜಯಾ ಮೇಡಂ, ನೀವೊಬ್ರು. ನಾವು ಅದೆಲ್ಲ ನೋಡೋರಲ್ಲಪ್ಪ."

ಹೊರಗೆ ಹರಿಪ್ರಸಾದ್ ಹರಿಶ್ಚಂದ್ರರ ಹೆಗಲ ಮೇಲೆ ಕೈಹಾಕಿ ಬೈಕಿನ ಬಳಿಗೆ ಕರೆದೊಯ್ದಿದ್ದರು. ನಾನು ಹೋಗುವಾಗ ಮಾತು ಅರ್ಧಕ್ಕೆ ಬಂದಿತ್ತು.

"ನನ್ನದಕ್ಕೂ ಒಂದು ಹೊಲಿದುಕೊಡಿ ಹರೀಶಣ್ಣ. ಫ್ರೀ ಏನೂ ಬೇಡ, ದುಡ್ಡು ಕೊಡ್ತೀನಿ. ಮನೆ ತನಕ ಬರೋದೂ ಬೇಡ, ಸೀಟು ಬಿಚ್ಚಿ ನಾನೇ ತಂದುಕೊಡ್ತೀನಿ."

ಹರಿಶ್ಚಂದ್ರ ಜೇಬಿನಿಂದ ಬೈಕಿನ ಕೀಲಿ ತೆಗೆದರು. ಬಳಿಕ, "ವಾಲ್ಸಾಲಿನಲ್ಲಿ ಹೊಲಿಯುವವರು ಇದ್ದಾರೆ ಡಾಕ್ಟ್ರೇ. ಪೋಸ್ಟ್‌ಕೋಡ್ ಕಳಿಸ್ತೇನೆ," ಎಂದರು. ಹೆಲ್ಮೆಟ್ ಹಾಕಿಕೊಂಡು ಹೊರಟುಹೋದರು.

ಒಳಗೆ ಪಂಕ್ತಿ ಶುರುವಾಗಿತ್ತು. ವಾಸಂತಿ ಬಡಿಸುತ್ತ ಬಂದು ನೀಲಾವತಿಯ ಮುಂದೆ ನಿಂತರು. "ಊಟ ಮಾಡ್ದೆ ಹೋದ್ರಲ್ಲ ನಿಮ್ಮೋರು. ಇಷ್ಟಕ್ಕೆಲ್ಲ ಬೇಜಾರು ಮಾಡ್ಕೊಂಡ್ರೆ ಹೇಗೆ?"

"ಅವರಿಗೆ ನಿದ್ದೆ ಆಗಿರ್ಲಿಲ್ಲ ಮೇಡಂ, ಪಾಳಿ ಇತ್ತಲ್ಲ," ಎಂದಳು ನೀಲಾವತಿ.

ಎದ್ದು ಹೋದರೆ ಜನ ಇನ್ನೂ ನಾಲ್ಕು ಮಾತು ಸೇರಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ತಣ್ಣಗಿದ್ದ ಅನ್ನವನ್ನು ಕೊನೆಯ ಅಗುಳಿನವರೆಗೆ ಉಂಡಳು. ಎಲ್ಲರೂ ನೋಡುತ್ತಿದ್ದಂತೆ, ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು.