ಸಮುದ್ರಕ್ಕೆ ಹಾಕಿದ ತಾಮ್ರದ ದುಡ್ಡು

ಟಪ್! ಗಾಜಿಗೆ ಚಿಪ್ಪು ಬಡಿಯುವ ಆ ಸದ್ದು ಈಗಲೂ ಕಿವಿಯಲ್ಲಿದೆ. ಕಲಬುರಗಿಯ ನಮ್ಮ ಹಾಲ್‌ನಲ್ಲಿ ಸೋಫಾದ ಪಕ್ಕಕ್ಕೆ ಉಪ್ಪುನೀರಿನ ಅಕ್ವೇರಿಯಂ ಇತ್ತು, ಅದರೊಳಗೆ ಮೂರು ಸ್ಕ್ಯಾಲಪ್. ಬೀಸಣಿಗೆಯಂಥ ಎರಡು ಚಿಪ್ಪಿನ ಸಮುದ್ರಜೀವಿ. ಬೆದರಿದರೆ ಚಿಪ್ಪು ಬಡಿಯುತ್ತ ಹಾರಿ ಗಾಜಿಗೆ ಹೋಗಿ ತಾಗುತ್ತದೆ. ಅಂಚಿನುದ್ದಕ್ಕೂ ಸಾಸಿವೆಯಷ್ಟು ಸಣ್ಣ ನೀಲಿ ಕಣ್ಣುಗಳು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರ ಟೇಬಲ್ ಮೇಲೆ ಇಂಥದೇ ಒಂದು ಖಾಲಿ ಚಿಪ್ಪಿತ್ತು, ಗುಂಡುಸೂಜಿ ಹಾಕಿಡಲು. ಜೀವ ಇದ್ದಾಗ ಅದು ಹೇಗಿರುತ್ತದೆ ಎಂದು ನೋಡುವ ಆಸೆ ನನಗೆ ಆಗಿನಿಂದ.

ಹೈದರಾಬಾದಿನ ಅಂಗಡಿಯವನು ಮೊದಲೇ ಹೇಳಿದ್ದ, "ಮೇಡಂ, ಇವು ಮನೆಯಲ್ಲಿ ಬಾಳೋದು ವೆರಿ ಡಿಫಿಕಲ್ಟ್." ನೀರಲ್ಲಿ ತೇಲುವ ಹಸಿರು ಪಾಚಿಯ ಕಣಗಳೇ ಅವುಗಳ ಊಟ. ಫಿಲ್ಟರ್ ಬಂದ್ ಮಾಡಿ, ಡ್ರಾಪರಿನಿಂದ ಬಾಯ ಹತ್ತಿರ ಬಿಡಬೇಕು. ಕಡಿಮೆಯಾದರೆ ಉಪವಾಸ ಸಾಯುತ್ತವೆ, ಹೆಚ್ಚಾದರೆ ನೀರು ಕೊಳೆಯುತ್ತದೆ. ನಮ್ಮ ಬೇಸಿಗೆಯಂತೂ ಗೊತ್ತೇ ಇದೆ. ಕರೆಂಟು ಹೋದರೆ ಫ್ರಿಜ್ಜಿನ ಐಸ್ ಬಾಟಲಿಗಳನ್ನು ನೀರಿನಲ್ಲಿ ತೇಲಿಬಿಟ್ಟು ಪಕ್ಕದಲ್ಲೇ ಕೂಡುತ್ತಿದ್ದೆ. ನೀರು ಆರಿದಷ್ಟೂ ಉಪ್ಪು ಏರುತ್ತದೆ, ಅಳೆದು ಸಿಹಿನೀರು ಸೇರಿಸಬೇಕು. ಎಲ್ಲಕ್ಕಿಂತ ಮುಖ್ಯ, ತಾಮ್ರ ಸೋಕಬಾರದು. ತಾಮ್ರ ಅವಕ್ಕೆ ವಿಷ.

ಕಮಲಾಪುರದಿಂದ ನನ್ನ ನೆಗೆಣ್ಣಿ ಬಂದಳು, ನಮ್ಮ ಯಜಮಾನರ ಅಣ್ಣನ ಹೆಂಡತಿ. ಟ್ಯಾಂಕಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕೂಸು ಹಡಿಯೋ ವಯಸ್ಸಿನ್ಯಾಗ ಹಡಿಲಿಲ್ಲ, ಈಗ ಸಿಂಪಿಗೆ ಹಾಲು ಕುಡಸ್ಲಾಕತ್ತಿಯೇನ ತಂಗಿ?"

"ಹಾಲಲ್ಲಕ್ಕಾ, ಪಾಚಿ."

"ಪಾಚಿ! ನಮ್ಮ ಬಾವ್ಯಾಗ ಬೇಕಾದಷ್ಟು ಅದ. ಹೇಳಿದ್ರ ಕೊಡ ತುಂಬಿ ತರ್ತಿದ್ದೆ."

ನಾನು ನಕ್ಕೆ. ನಲವತ್ತು ವರ್ಷ ಹಾಗೇ ನಗುತ್ತ ಬಂದಿದ್ದೇನೆ, ಗುಡ್ ಮ್ಯಾನರ್ಸ್. "ನೀರಿಗೆ ಮಾತ್ರ ಏನೂ ಹಾಕಬ್ಯಾಡಕ್ಕಾ" ಎಂದು ಎರಡು ಸಲ ಹೇಳಿ ಚಹಾ ಮಾಡಲು ಒಳಗೆ ಹೋದೆ.

ಅವಳು ಊರಿಗೆ ಹೋದ ಮೇಲೆ ಒಂದೊಂದಾಗಿ ಮೂರೂ ಬಾಯಿ ತೆರೆದವು. ಮುಟ್ಟಿದರೂ ಮುಚ್ಚಲಿಲ್ಲ. ನೀಲಿ ಕಣ್ಣುಗಳು ಬೂದಿಬಣ್ಣಕ್ಕೆ ತಿರುಗಿದವು. ಮರಳು ಕೆದಕಿದಾಗ ನಿಜಾಮರ ಕಾಲದ ತಾಮ್ರದ ದುಡ್ಡು ಸಿಕ್ಕಿತು. ಬಸ್ಸು ಹೊಳೆ ದಾಟುವಾಗ ಕಿಟಕಿಯಿಂದ ಎಸೆಯಲೆಂದು ಅವಳು ಸಂಚಿಯಲ್ಲಿ ಇಟ್ಟುಕೊಳ್ಳುತ್ತಿದ್ದ ದುಡ್ಡು. ಫೋನ್ ಮಾಡಿದೆ.

"ಹೌದು, ನಾನೇ ಹಾಕೀನಿ. ಮನ್ಯಾಗ ಸಮುದ್ರ ಇಟ್ಟಿ, ಒಂದ್ ದುಡ್ಡು ಹಾಕಿ ಕೈ ಮುಗಿದೀಯೇನು? ಸತ್ರ ಸತ್ತಾವ ಬಿಡು. ಚಿಪ್ಪ ಒಗೀಬ್ಯಾಡ, ನನಗ ಕುಂಕುಮ ಇಡ್ಲಾಕ ಆಗ್ತದ."

ಅಂದು ನಾನು ನಗಲಿಲ್ಲ. ಅವಳ ಹಿತ್ತಲಲ್ಲಿ ಕಮಲಾಪುರದ ಕೆಂಪು ಬಾಳೆಯ ಗಿಡಗಳಿದ್ದವು. ಅವೇ ಅವಳ ಕಿರೀಟ. ಮದುವೆ, ಸೀಮಂತ, ಯಾರ ಮನೆಗೆ ಹೋದರೂ ಒಂದು ಚಿಪ್ಪು ಕೆಂಪು ಹಣ್ಣು ಹಿಡಿದುಕೊಂಡೇ ಹೋಗುವವಳು. ಉಪ್ಪು ಕುಡಿದ ನೆಲದಲ್ಲಿ ಬಾಳೆ ಬದುಕುವುದಿಲ್ಲ. ಟ್ಯಾಂಕಿನ ನೀರನ್ನೆಲ್ಲ ಕ್ಯಾನುಗಳಿಗೆ ತುಂಬಿ, ಒಂದು ಚಿಪ್ಪನ್ನು ತೊಳೆದು ಕರ್ಚೀಫಿನಲ್ಲಿ ಸುತ್ತಿಕೊಂಡು, ಟ್ಯಾಕ್ಸಿ ಮಾಡಿ ಕಮಲಾಪುರಕ್ಕೆ ಹೋದೆ.

"ಸಮುದ್ರದ ನೀರಕ್ಕಾ. ಗಟಾರಕ್ಕ ಹ್ಯಾಂಗ ಚೆಲ್ಲಲಿ?"

"ಅಯ್ಯ ಹುಚ್ಚಿ, ಗಟಾರಕ್ಕ ಚೆಲ್ಲತಾರೇನ! ನಾ ದುಡ್ಡು ಹಾಕಿದ ನೀರದು. ಯಾರೂ ತುಳೀಬಾರದು, ಗಿಡದ ಬುಡಕ್ಕ ಹಾಕಬೇಕು."

ಹೀಗೇ ಹೇಳುತ್ತಾಳೆ ಎಂದು ನನಗೆ ಗೊತ್ತಿತ್ತು. ಪೂಜೆಯ ನೀರನ್ನು ಅವಳು ಬಾಳೆಯ ಬುಡ ಬಿಟ್ಟು ಇನ್ನೆಲ್ಲಿಗೂ ಚೆಲ್ಲಿದವಳಲ್ಲ. ಸೆರಗು ಬಿಗಿದು, ಕ್ಯಾನಿನ ಮೇಲೆ ಕ್ಯಾನು, ಹನಿ ಚೆಲ್ಲದಂತೆ ತಾನೇ ಸುರಿದು ಕೈ ಮುಗಿದಳು. ನಾನು ಕಟ್ಟೆಯ ಮೇಲೆ ಕೂತು ಅವಳು ಕೊಟ್ಟ ಚಹಾ ಕುಡಿದೆ. ಅಷ್ಟು ಸವಿಯಾದ ಚಹಾ ಆ ಮನೆಯಲ್ಲಿ ಎಂದೂ ಕುಡಿದಿರಲಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ಅದೇ ಹಿತ್ತಲಲ್ಲಿ. ಬಾಳೆ ಎಲೆಗಳ ಅಂಚು ಕಾವಲಿಯ ಮೇಲೆ ಬಿಟ್ಟ ರೊಟ್ಟಿಯಂತೆ ಸುಟ್ಟಿತ್ತು.

"ಯಾರ್ದೋ ಕಣ್ಣು ಬಿದ್ದದ ತಂಗಿ," ಎಂದಳು. ಬೆರಳಷ್ಟೇ ಉದ್ದದ ನಾಕು ಹಣ್ಣನ್ನು ನನ್ನ ಚೀಲಕ್ಕೆ ಹಾಕಿದಳು. "ಇವಷ್ಟೇ ಬಂದಾವ. ನಿನಗಂತ ಇಟ್ಟಿದ್ದೆ."

ಆಮೇಲೆ ಕಿಟಕಿಯ ಮೇಲಿದ್ದ ಸ್ಕ್ಯಾಲಪ್ ಚಿಪ್ಪಿನಲ್ಲಿ ಬೆರಳದ್ದಿ, ನನ್ನ ಹಣೆಗೆ ಕುಂಕುಮ ಹಚ್ಚಿದಳು. ಬೆರಳು ಒರಟಾಗಿತ್ತು. ನಾನು ಹಣೆ ಕೊಟ್ಟು ನಿಂತೆ. ಬಾಗಿಲಿಗೆ ಬಂದು ತಿರುಗಿ ನೋಡಿದಾಗ ಅವಳು ಮತ್ತೆ ಗಿಡದ ಬುಡದಲ್ಲಿದ್ದಳು, ಮಣ್ಣು ಕೆದಕಿ, ಸಂಚಿಯಿಂದ ಒಂದು ದುಡ್ಡು ತೆಗೆದು ಹೂಳುತ್ತಿದ್ದಳು.