ಹಾಲ್ ಸಾಹೇಬನ ಬೂಟಿಗೆ ಹಾಲು

ಈ ಊರಿಗೆ ಬಂದ ಮೊದಲ ಬೆಳಿಗ್ಗೆ ಬಾಗಿಲು ತೆಗೆದರೆ, ಸ್ಟೇಷನ್ ಎದುರಿನ ಕಟ್ಟೆಯ ಮೇಲೆ ಹ್ಯಾಟು ಹಾಕಿದ ಕಲ್ಲಿನ ಇಂಗ್ಲಿಷ್ ದೊರೆ, ಅವನ ಬೂಟಿನ ಮೇಲೆ ಚೆಂಬಿನಿಂದ ಹಾಲು ಸುರಿಯುತ್ತಿರುವ ಒಬ್ಬ ಮುದುಕಿ. ಅಯ್ಯೋ ರಾಮ, ಎಲ್ಲಿಗಪ್ಪ ಬಂದೆ ಅಂದುಕೊಂಡೆ!

ನಮ್ಮವರು ರೈಲ್ವೆ ಗುಮಾಸ್ತರು. ಎಪ್ಪತ್ತೆಂಟರಲ್ಲಿ ಮೈಸೂರಿನಿಂದ ಆದೋನಿ ಆಚೆಯ ಈ ಹಾಲ್‌ಪೇಟೆಗೆ ವರ್ಗವಾಯಿತು. ಇಲ್ಲಿ ಹಳಿ ಹಾಕಿಸಿದ ರೈಲು ಕಂಪನಿಯ ದೊಡ್ಡ ಸಾಹೇಬ ಹಾಲ್ ಎಂಬುವನ ಹೆಸರೇ ಊರಿಗೆ. ಕನ್ನಡದವರ ಬಾಯಲ್ಲಿ ಅವನು ಹಾಲಪ್ಪನಾದ. ತೆಲುಗಿನವರು ಇನ್ನೂ ಮುಂದೆ ಹೋಗಿ, ಹಾಲಿಗೆ ತಮ್ಮ ಮಾತು ‘ಪಾಲು’ ತಾನೇ ಎಂದು ಊರನ್ನೇ ಪಾಲಪೇಟ ಮಾಡಿಬಿಟ್ಟರು. ಸ್ಟೇಷನ್ ಬೋರ್ಡಿನಲ್ಲಿ ಹಾಲ್‌ಪೇಟೆ, ಬಸ್ಸಿನವರ ಬಾಯಲ್ಲಿ ಪಾಲಪೇಟ. ಮೊದಲ ಸಲ ಆದೋನಿಯ ಸಂತೆಗೆ ಹೋದವಳು ವಾಪಸು ಬರುವಾಗ ಪಾಲಪೇಟ ಬೇರೆ ಊರೆಂದು ಎರಡು ಬಸ್ಸು ಬಿಟ್ಟು ಕೂತಿದ್ದೆ.

ಇದನ್ನು ಓದುವ ಮೈಸೂರಿನವರೇ, ನಿಮ್ಮಲ್ಲಿ ನಲ್ಲಿ ತಿರುಗಿಸಿದರೆ ನೀರು. ಇಲ್ಲಿ ಕಾದ ಚಪ್ಪಡಿ ಕಲ್ಲಿನ ಮಾಡು, ಊರಿಗೆಲ್ಲ ಒಂದೇ ಸಿಹಿನೀರಿನ ಬಾವಿ. ಕಡಲೆಪುರಿ ನೆನೆಸಿ ಒಗ್ಗರಣೆ ಹಾಕುವ ಉಗ್ಗಾಣಿ ಮಾತ್ರ ಮೊದಲ ವಾರವೇ ನನ್ನನ್ನು ಗೆದ್ದಿತು. ಮಾತು ಕನ್ನಡವೇ, ಆದರೆ ಅರ್ಧ ವಾಕ್ಯದಲ್ಲಿ ತೆಲುಗಿಗೆ ಜಾರುತ್ತಾರೆ. ನಾನು ಪೆದ್ದಿಯ ಹಾಗೆ ನಿಂತಿರುತ್ತಿದ್ದೆ.

ಆ ಮುದುಕಿ ಈರಮ್ಮ, ಕುರಿ ಸಾಕುವವಳು. ಕುರಿ ಈದಾಗಲೆಲ್ಲ ಮೊದಲ ಹಾಲು ಸಾಹೇಬನಿಗೆ. ನನಗೋ ನಾಲ್ಕಕ್ಷರ ಕಲಿತ ಜಂಬ. “ಅವ್ವಾ, ಅದು ಇಂಗ್ಲಿಷ್ ಹೆಸರು. ಅವನಿಗೂ ಹಾಲಿಗೂ ಸಂಬಂಧವೇ ಇಲ್ಲ” ಅಂದೆ.

“ಹೆಸರು ಏನರ ಇರ್ಲಿ ಯವ್ವಾ. ಇಂಜಿನ್ನಿಗಂತ ಬಾವಿ ತೋಡಿಸಿದಾತ, ನಮ್ಮ ಹಿರೇರಿಗೂ ಕುಡೀರಿ ಅಂದಾನ. ನೀರು ಕುಡಿದ್ರ ಅಲ್ಲೇನು ಹಾಲು ಬರೋದು? ಇಷ್ಟು ಓದೀದಿ, ಇದು ತಿಳೀಲಿಲ್ಲೇನು?”



ಚೊಚ್ಚಲ ಹೆರಿಗೆಗೆ ತೌರಿಗೆ ಹೊರಡಬೇಕಿತ್ತು. ಎಂಟನೇ ತಿಂಗಳಲ್ಲೇ ನೋವು ಬಂತು, ಇಲ್ಲೇ ಹೆತ್ತೆ. ಅಂಗೈಯಗಲದ ಹೆಣ್ಣು ಕೂಸು. ಮೂರು ದಿನವಾದರೂ ನನಗೆ ಹಾಲಿಳಿಯಲಿಲ್ಲ. ಹಸುವಿನ ಹಾಲು ಕೊಟ್ಟರೆ ಕಕ್ಕುತ್ತಿತ್ತು. ಅದರ ಅಳು ಸಣ್ಣಗಾಗುತ್ತ ಬಂತು. ಅಮ್ಮನಿಗೆ ತಂತಿ ಕಳಿಸಿದ್ದರೂ ಬರಲು ಇನ್ನೂ ಒಂದು ದಿನ. ಬಾಣಂತಿ ನೀರು ಕುಡಿಯಬಾರದೆಂಬ ನಮ್ಮ ಮನೆಯ ಪದ್ಧತಿ ಹಿಡಿದು, ನಾಲಿಗೆ ಒಣಗಿಸಿಕೊಂಡು ಅಳುತ್ತ ಬಿದ್ದಿದ್ದೆ.

ಈರಮ್ಮ ಕೊಡ ಹೊತ್ತು ಬಂದಳು. “ಏಡವೊದ್ದು” ಅಂದಳು. ಅಳಬೇಡ ಎಂದು. ಆ ತೆಲುಗು ಮಾತನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಚೆಂಬಿನ ಮೇಲೆ ಚೆಂಬು ನೀರು ಕುಡಿಸಿದಳು, ಬೆಳ್ಳುಳ್ಳಿ ಹಾಕಿದ ಜೋಳದ ಗಂಜಿ ಉಣಿಸಿದಳು.

“ಹಾಲಪ್ಪನ ಬಾವಿ ನೀರಿದು. ಹಾಲು ಬಂದ್ರ ಮೊದಲ್ನೇದು ಆತಗ.”

“ಆಯ್ತವ್ವಾ” ಅಂದೆ. ಜಂಬವೆಲ್ಲ ಎಲ್ಲಿ ಹೋಗಿತ್ತೋ!

ಮರುದಿನ ಬೆಳಗಾಗುವಷ್ಟರಲ್ಲಿ ರವಿಕೆ ಒದ್ದೆಯಾಗಿತ್ತು. ಮೊದಲ ನಾಲ್ಕು ಹನಿಯನ್ನು ಈರಮ್ಮ ಕೂಸಿಗೆ ಹಾಲು ಕುಡಿಸುವ ಒಳಲೆಯಲ್ಲಿ ಹಿಡಿದು ಒಯ್ದಳು. ಉಳಿದದ್ದಕ್ಕೆ ಮಗಳು ಬಾಯಿ ಹಾಕಿ ಗುಟುಕರಿಸಿದಳು. ನೀರೋ, ಗಂಜಿಯೋ, ಹಾಲಪ್ಪನೋ, ನನಗೆ ಗೊತ್ತಿಲ್ಲ.

ಆ ಬೆಳಿಗ್ಗೆಯೇ ರೈಲಿಳಿದ ಅಮ್ಮ ವಿಷಯ ಕೇಳಿ ಹೌಹಾರಿದಳು. “ನಿನ್ನ ಹಾಲು ಆ ಬೂಟಿನವನಿಗಾ?” ಮಡಿ ಹೆಂಗಸು ಅವಳು. ಕುಡಿಯುತ್ತಿದ್ದ ಮೊಮ್ಮಗಳನ್ನು ನೋಡಿದಳು, ಹೊರಗೆ ಹೋದಳು. ಕಿಟಕಿಯಿಂದ ಕಂಡೆ, ಸಾಹೇಬನಿಗೆ ಕೈ ಮುಗಿದು ನಿಂತಿದ್ದಳು.

ಈಗ ಮಗಳಿಗೆ ಮೂರು ವರ್ಷ. ಕಾಡಿ ಬೇಡಿ ಕೇಳಿದ್ದ ಮೈಸೂರಿನ ವರ್ಗ ಕೊನೆಗೂ ಬಂದಿದೆ. ನಿಮ್ಮೂರಿಗೆ ಬರುತ್ತಿದ್ದೇನೆ. ಅಲ್ಲ, ನಮ್ಮೂರಿಗೆ. ನೋಡಿ, ಪೆನ್ನೇ ತಡವರಿಸುತ್ತದೆ.

ನಿನ್ನೆ ಪಾತ್ರೆ ಕಟ್ಟುವಾಗ ಮಗಳು ಕೇಳಿದಳು: “ಅಮ್ಮಾ, ಮೈಸೂರಾಗ ಹಾಲಪ್ಪ ಅದಾನೇನು?”

“ಮಹಾರಾಜರಿದ್ದಾರೆ ಕಣೇ. ಇವನಿಗಿಂತ ಎಷ್ಟು ದೊಡ್ಡ ವಿಗ್ರಹ ಗೊತ್ತಾ!”

“ಆತಗ ಹಾಲು ಯಾರು ಹಾಕ್ತಾರ?”

“ಯಾರೂ ಹಾಕಲ್ಲ.”

“ಯಾರೂ ಇಲ್ಲೇನು? ಪಾಪ!” ಅಂದಳು. ಕುಣಿದಾಡಿಕೊಂಡು ಹೊರಡಬೇಕಾದ ನಾನು, ಅವಳನ್ನು ಎದೆಗವಚಿಕೊಂಡು ಅತ್ತುಬಿಟ್ಟೆ.