ಗಿಲಾವು ಕೆಲಸದವಳ ಪ್ರಶ್ನೆ

ಮಾಕಳಿಯ ಕ್ಲಿನಿಕ್ಕಿನಲ್ಲಿ ಗರ್ಭಿಣಿಯರಿಗೆ ಸ್ಕ್ಯಾನ್ ಮಾಡೋದು ನನ್ನ ಕೆಲಸ. ಅವತ್ತು ಬಾಗಲಕೋಟೆ ಕಡೆಯ ಹೆಂಗಸೊಬ್ಬಳು ಬಂದಿದ್ದಳು, ಎರಡು ತಿಂಗಳ ಬಸುರಿ. ಕಟ್ಟಡಗಳಲ್ಲಿ ಗೋಡೆಗೆ ಗಿಲಾವು, ಅಂದರೆ ಸಿಮೆಂಟಿನ ಪ್ಲಾಸ್ಟರ್, ಮಾಡೋ ಕೆಲಸವಂತೆ.

"ಮೇಡಂ, ಒಂದ್ ಮಾತು..." ಅಂದಳು.

ನಾನು ಪರದೆಯಿಂದ ಕಣ್ಣು ತೆಗೆಯದೆ ಗೋಡೆಯ ಬೋರ್ಡ್ ತೋರಿಸಿದೆ. "ಗಂಡೋ ಹೆಣ್ಣೋ ಹೇಳೋ ಹಾಗಿಲ್ಲಮ್ಮ, ಕಾನೂನು."

"ಅದನ್ನ ಯಾರ್ ಕೇಳ್ಯಾರ್ರೀ? ಎರಡ್ ಸಲ ಬಸಿರು ನಿಂದರಲಿಲ್ಲ. ಒಳಗಿನ ಪದರ ತೆಳು ಐತಿ ಅಂದಿದ್ರು. ಈ ಸಲ ದಪ್ಪ ಐತೇನ್ರೀ? ಗಿಲಾವು ಸರಿ ಇಲ್ಲಂದ್ರ ಟೈಲ್ಸ್ ಹಿಡಿಯಂಗಿಲ್ಲ ನೋಡ್ರಿ."

ಇಷ್ಟು ವರ್ಷದಲ್ಲಿ ಗರ್ಭಕೋಶದ ಆ ಒಳಪದರವನ್ನು ಯಾರೂ ವಿಚಾರಿಸಿರಲಿಲ್ಲ. ಕೂಸಿನ ಮೊದಲ ಹಾಸಿಗೆ, ಮೊದಲ ಊಟ ಎರಡೂ ಅದೇ. ನನಗೆ ನಾಚಿಕೆಯಾಯಿತು. ಪರದೆ ತಿರುಗಿಸಿ, ಮಿಡಿಯುತ್ತಿದ್ದ ಚುಕ್ಕಿಯ ಸುತ್ತಲಿನ ಬಿಳಿ ಅಂಚು ತೋರಿಸಿದೆ.

"ದಪ್ಪಗಿದೆ. ಕೂಸು ಚೆನ್ನಾಗಿ ಹಿಡ್ಕೊಂಡಿದೆ."

ಅವಳು ಬಹಳ ಹೊತ್ತು ನೋಡಿದಳು. ಹೋಗುವಾಗ ಅಭ್ಯಾಸಬಲದಿಂದ ನನ್ನ ಗೋಡೆಗೆ ಬೆರಳಲ್ಲಿ ಕುಟ್ಟಿ, ಕಿವಿಗೊಟ್ಟಳು.

"ಈ ಗಿಲಾವು ಒಳಗ ಟೊಳ್ಳೈತ್ರಿ ಮೇಡಂ. ಬೀಳ್ತೈತಿ."

ಅವಳ ಮಾತು ಕೇಳುವ ಮೊದಲೇ ನಾನು ತೋರಿಸಿದ್ದ ಬೋರ್ಡ್ ನೇತಾಡುತ್ತಿದ್ದದ್ದು ಆ ಗೋಡೆಯ ಮೇಲೇ.